ಫಿಲ್ಮ್ ಇಲ್ಲದೆಯೂ ಬಂದ ಪಲ್ಸ್

ಜೂನ್ 11, ಮಂಗಳವಾರ
ಎಂಟೂವರೆಗೇ ಲ್ಯಾಬು. ಹೊಸ ಫಿಲ್ಮ್ ಒಣಗಿತ್ತು. ಬ್ಲೇಡಲ್ಲಿ ಸಾಸಿವೆಯಷ್ಟು ಕತ್ತರಿಸಿ ಲೇಸರಿನ ಫೈಬರ್ ತುದಿಗೆ ಕೂರಿಸಿದೆ. ಸ್ಕ್ರೀನಲ್ಲಿ ಬೆಳಕಿನ ಪಲ್ಸ್ ಬಂತು, ಸಾಲಾಗಿ.
ಅಟೆಂಡರ್ ಮರಿಯಯ್ಯ ಇಣುಕಿದ್ರು. "ಏನ್ ಮಾಡ್ತದವ್ವ ಆ ಕರೀ ಪೇಪರ್ರು?"
ಮಂಕು ಬೆಳಕನ್ನ ನುಂಗುತ್ತೆ, ಜೋರು ಬೆಳಕನ್ನ ಬಿಡುತ್ತೆ. ಅದಕ್ಕೇ ಲೇಸರ್ ಒಂದೇ ಸಮ ಉರಿಯದೆ ಮಿಡಿಯುತ್ತೆ ಅಂದೆ.
"ಜೋರಾಗಿರೋರ್ಗೆ ದಾರಿ ಬುಡ್ತದೆ ಅನ್ನು!" ನಕ್ಕು ಹೋದ್ರು.
ಇವತ್ತು ಬಾಯಿ ಬಿಟ್ಟಿದ್ದು ಅಷ್ಟೇ.

ಜೂನ್ 14
ಜರ್ನಲ್ಲಿಗೆ ಕಳಿಸಿದ್ದ ಪೇಪರ್ ಅಕ್ಸೆಪ್ಟ್! ಗೈಡ್ ಪಾರ್ಥಸಾರಥಿ ಸರ್ ಡಿಪಾರ್ಟ್‌ಮೆಂಟಿಗೆಲ್ಲ ಮದ್ದೂರು ವಡೆ ತರಿಸಿದ್ರು. ನಾಲ್ಕು ವರ್ಷ... ಆಗಸ್ಟಲ್ಲಿ ಥೀಸಿಸ್ ಕೊಡಬಹುದು. ರೂಮಿಗೆ ಬಂದು ಯಾರಿಗೆ ಫೋನ್ ಮಾಡೋದು ಅಂತ ಕೂತೆ. ಅವ್ವನಿಗೆ ಮಾಡಿದೆ. ಎತ್ತಲಿಲ್ಲ.

ಜೂನ್ 19, ಸಂಜೆ 4
ಫೈಬರ್ ತುದಿ ಒರೆಸುವಾಗ ಫಿಲ್ಮ್ ಬಿದ್ದೋಯ್ತು. ಹಾಗೇ ಜೋಡಿಸಿ ಸುಮ್ಮನೆ ಫೈಬರ್ ತಿರುಚೋ ತಿರುಪು ತಿರುಗಿಸಿದೆ. ಪಲ್ಸ್ ಬಂತು.
ಫಿಲ್ಮ್ ಇಲ್ಲದೆ.
ಫೈಬರ್ ತಿರುಚಿಟ್ಟ ರೀತಿಗೇ ಬೆಳಕು ತಾನಾಗಿ ಮಿಡಿಯಬಹುದು. ಗೊತ್ತಿತ್ತು. ಓದಿದ್ದೆ. ಆದ್ರೂ ಫಿಲ್ಮ್ ತೆಗೆದು ನೋಡಿರಲಿಲ್ಲ. ಪೇಪರಲ್ಲಿ ಬರೆದಿರೋದು — ಎಲ್ಲ ಫಿಲ್ಮಿನಿಂದಲೇ ಅಂತ.

ಜೂನ್ 20
ಸರ್‌ಗೆ ಹೇಳಿದೆ. ಬಾಗಿಲು ಹಾಕಿದ್ರು.
"ರಿವ್ಯೂವರ್ ಕೇಳಿದ್ರಾ, ಅರ್ಪಿತ?"
"ಇಲ್ಲ ಸರ್."
"ಹಾಗಾದ್ರೆ ನೀವ್ಯಾಕೆ ಕೇಳ್ಕೋತೀರ?"
ಎದ್ದು ಲ್ಯಾಬಿಗೆ ಬಂದೆ. ಫಿಲ್ಮ್ ಇಲ್ಲದೆ ಇನ್ನೊಂದ್ಸಲ ಹಚ್ಚಿ ನೋಡಿದೆ.

ಜೂನ್ 23, ಭಾನುವಾರ
ಬೆಸಗರಹಳ್ಳಿ, ನಮ್ಮೂರು. ಅವ್ವ ಡೈರಿಗೆ ಹಾಲು ಹಾಕಿ ಬಂದಳು. ಹೇಳಿದೆ.
"ಇಲ್ದಿದ್ನ ಐತೆ ಅಂತ ಬರ್ದಿದ್ದೀಯಾ?"
"ಗೊತ್ತಿಲ್ದೆ ಬರೆದೆ."
"ಈಗ ಗೊತ್ತಾಯ್ತಲ್ಲ."
ತಟ್ಟೆ ಇಟ್ಟಳು. "ಉಣ್ಣು ಕಣಮ್ಮ, ಸೊರಗೋಗಿದ್ದೀಯ."

ಜೂನ್ 24, ಬೆಳಿಗ್ಗೆ 9.40
ಎಡಿಟರ್‌ಗೆ ಮೇಲ್ ಕಳಿಸಿದೆ — ಪೇಪರ್ ವಾಪಸ್ ತಗೋತೀವಿ ಅಂತ. ಸರ್‌ಗೂ ಕಾಪಿ. 

ಜುಲೈ 30
ಪೇಪರ್ ಹೋಯ್ತು. ಥೀಸಿಸ್ ಒಂದು ವರ್ಷ ಮುಂದಕ್ಕೆ. ಸರ್ ಲ್ಯಾಬಿಗೆ ಬರೋದು ಬಿಟ್ಟು ಐದು ವಾರ. ಕಾರಿಡಾರಲ್ಲಿ ಎದುರಾದ್ರೆ ಮೊಬೈಲ್ ನೋಡ್ತಾರೆ. ನನ್ನ ಜೊತೆ ಸೇರಿದ್ದ ಶ್ವೇತ ಥೀಸಿಸ್ ಕೊಟ್ಟಳಂತೆ. ಕೇಕ್ ಕತ್ತರಿಸಿದ ಫೋಟೊ ವಾಟ್ಸಾಪಲ್ಲಿ ನೋಡಿದೆ. ಪಕ್ಕದ ರೂಮಲ್ಲೇ ಕತ್ತರಿಸಿದ್ದು.

ಆಗಸ್ಟ್ 21
ಮೈಸೂರಿನ ಲ್ಯಾಬೊಂದರಿಂದ ಬೇರೆ ಥರದ ಫೈಬರ್ ಕೇಳಿ ತಂದೆ. ಇದನ್ನ ತಿರುಚಿದ್ರೂ ಬೆಳಕು ತಾನಾಗಿ ಮಿಡಿಯಲ್ಲ; ಮಿಡಿದ್ರೆ ಅದು ಫಿಲ್ಮಿಂದಲೇ. ಬಸ್ಸಲ್ಲಿ ಮಗು ಥರ ತೊಡೆ ಮೇಲೆ ಇಟ್ಕೊಂಡಿದ್ದೆ. ಫಿಲ್ಮ್ ಹಾಕಿ ಜೋಡಿಸಿದೆ. ಪಲ್ಸ್ ಇಲ್ಲ.

ಆಗಸ್ಟ್ 29
ಇಲ್ಲ.

ಸೆಪ್ಟೆಂಬರ್ 12, ಮಧ್ಯಾಹ್ನ 3
ಫಿಲ್ಮ್ ದಪ್ಪ ಮಾಡಿದೆ. ಬಂತು! ತೆಗೆದೆ — ಚಪ್ಪಟೆ ಗೆರೆ. ಹಾಕಿದೆ — ಬಂತು. ಹನ್ನೊಂದು ಸಲ. ಕೂಗಬೇಕು ಅನ್ನಿಸ್ತು. ಲ್ಯಾಬಲ್ಲಿ ಫ್ಯಾನ್ ಬಿಟ್ರೆ ಯಾರೂ ಇಲ್ಲ.
ತಿರುಗಿದ್ರೆ ಬಾಗಿಲಲ್ಲಿ ಸರ್. ಯಾವಾಗಿಂದ ನಿಂತಿದ್ರೋ.
"ತೆಗೆದು ತೋರಿಸಿ" ಅಂದ್ರು.
ತೆಗೆದೆ. ಗೆರೆ ಮಲಗಿತು. "ನಾನೂ ಕೇಳಬೇಕಿತ್ತು, ಅವತ್ತೇ" ಅಂದ್ರು. ಸ್ಟೂಲ್ ಎಳ್ಕೊಂಡು ಕೂತ್ರು. ಹನ್ನೆರಡನೇ ಸಲ ಅವರೇ ಹಾಕ್ತಾರಂತೆ. ಕನ್ನಡಕ ಹುಡುಕ್ತಿದ್ದಾರೆ, ಅಷ್ಟರಲ್ಲಿ ಇದನ್ನ ಗೀಚ್ತಿದ್ದೀನಿ. ಕನ್ನಡಕ ಸಿಕ್ತು, ಫೈಬರ್ ತುದಿ ನಾನೇ ಹಿಡ್ಕೋ—