ಕೆಂಪು ಪೇಸ್ಟ್

೬ ಫೆಬ್ರವರಿ, ಸಂಜೆ

ಕಂಪ್ರೆಸರ್ ಒಳಗೆ ಸೇರಿದ್ದ ನೀರು ಹೊರಬಿಟ್ಟೆ. ಸ್ಪ್ಯಾನರ್ ಒರೆಸಿಟ್ಟೆ. ಮಾಕಳಿ ನಲ್ಲಪ್ಪನವರ ಕ್ಯಾಬ್‌ಗೆ ಎಂಜಿನ್ನಿಗೆ ಗಾಳಿ ಒತ್ತುವ ಹೊಸ ಟರ್ಬೊ ಕೂರಿಸಿದ್ದಾಯಿತು. ಹಳೆಯದರ ಶಾಫ್ಟ್ ಎಣ್ಣೆಯಿಲ್ಲದೆ ಸುಟ್ಟು ನೀಲಿಗಟ್ಟಿತ್ತು.

"ಯಾಕಮ್ಮ ಕೃಪಾ, ಇಂಗಾಯ್ತು?" ನಲ್ಲಪ್ಪನವರು ಕೇಳಿದರು.

ಹೇಳಿದೆ — ಓಡಿ ಬಂದ ಗಾಡಿಯನ್ನು ಎರಡು ನಿಮಿಷ ಐಡಲ್‌ನಲ್ಲಿ ಬಿಡದೆ ಆಫ್ ಮಾಡಿದರೆ ಕಾದ ಟರ್ಬೊಗೆ ಎಣ್ಣೆ ನಿಂತು ಹೀಗೇ. ಪುಸ್ತಿಕೆಯಲ್ಲಿ ಓದಿದ್ದು.

ಅವರ ಡ್ರೈವರ್ ಈರೇಶ್ ಪಕ್ಕದಲ್ಲೇ ಇದ್ದ. "ಬಿಡ್ತೀನಿ ಅಕ್ಕ, ದಿನಾ ಬಿಡ್ತೀನಿ."

ನಂಬಲಿಲ್ಲ. ವಿಜ್ಞಾನಕ್ಕೆ ದಾಕ್ಷಿಣ್ಯವಿಲ್ಲ.

೯ ಫೆಬ್ರವರಿ

ಈರೇಶನನ್ನು ಕೆಲಸದಿಂದ ತೆಗೆದರಂತೆ. ಪಾಪ. ಆದರೆ ತಪ್ಪು ತಪ್ಪೇ.

ಮೆಟ್ರೊ ಸ್ಟೇಷನ್ ಹತ್ತಿರ ಒಂದು ಕರಪತ್ರ ಸಿಕ್ಕಿತು. 'ಯಂತ್ರ ಕೆಟ್ಟರೆ ಮೊದಲು ದೂರುವುದು ದುಡಿಯುವವನನ್ನು.' ಎಷ್ಟು ನಿಜ! ಗ್ಯಾರೇಜ್ ಗೋಡೆಗೆ ಅಂಟಿಸಿದೆ.

೨ ಮಾರ್ಚ್

ಅದೇ ಕ್ಯಾಬ್. ಹೊಸ ಟರ್ಬೊ ಆಗಲೇ ಕೆಡುವ ಮುಂಚಿನ ಸೀಟಿ ಹೊಡೆಯುತ್ತಿದೆ. ಈಗ ಓಡಿಸುವವರು ನಲ್ಲಪ್ಪನವರೇ. "ನಾನಂತೂ ಗಡಿಯಾರ ನೋಡ್ಕಂಡು ಮೂರು ನಿಮಿಷ ಬಿಡ್ತೀನಿ."

ನಮ್ಮ ಗ್ಯಾರೇಜಿನ ಮೇಸ್ತ್ರಿ ವೆಂಕಟೇಶಪ್ಪ ನನ್ನ ಕಡೆ ತಿರುಗಿದರು. "ಏನವ್ವಾ ವಿಜ್ಞಾನಿ, ಈಗ್ಯಾರನ್ನ ಕೆಲಸದಿಂದ ತೆಗೆಸ್ತೀಯ?"

೩ ಮಾರ್ಚ್, ೧೧.೩೦

ಎಣ್ಣೆಯ ಪ್ರೆಷರ್ ಅಳೆಯುವ ಗೇಜ್ ಹಾಕಿದೆ. ಎಂಜಿನ್ ಕಾದ ಮೇಲೂ ಐಡಲ್‌ನಲ್ಲಿ ಒಂದೂವರೆ ಬಾರ್, ರೇಸ್ ಮಾಡಿದರೆ ಮೂರೂವರೆ. ಪಂಪ್ ಸರಿ. ಪ್ರೆಷರ್ ಇದೆ. ಆದರೆ ಟರ್ಬೊವರೆಗೆ ಎಣ್ಣೆ ಹೋಗುತ್ತಿದೆಯೇ?

ಟರ್ಬೊದಿಂದ ಎಣ್ಣೆ ವಾಪಸ್ ಬರುವ ಪೈಪ್ ಬಿಚ್ಚಿ ಬಾಟಲಿಗೆ ಹಿಡಿದೆ. ಧಾರೆ ಬೀಳಬೇಕಿತ್ತು. ಹನಿ... ಹನಿ...

೧.೧೦

ಎಣ್ಣೆ ಒಳಹೋಗುವ ಬೋಲ್ಟ್ ಬಿಚ್ಚಿದೆ. ಅದರ ತೂತಿನಲ್ಲಿ ರಬ್ಬರಿನಂಥ ಎಳೆ. ಕೆಂಪು.

ಜನವರಿಯಲ್ಲಿ ಅಲ್ಲಿ ಎಣ್ಣೆ ಜಿನುಗುತ್ತಿತ್ತು. ತಾಮ್ರದ ವಾಷರ್ ಬದಲಿಸಿದ್ದರೆ ಸಾಕಿತ್ತು. ಸೇಫ್ಟಿಗಿರಲಿ ಎಂದು ಮೇಲೊಂದಿಷ್ಟು, ಸೋರಿಕೆ ತಡೆಯುವ ಗ್ಯಾಸ್ಕೆಟ್ ಪೇಸ್ಟ್ ಬಳಿದಿದ್ದೆ; ಹೆಚ್ಚಾದದ್ದು ಒಳಗೆ ಒತ್ತಿಕೊಂಡು ಗಟ್ಟಿಯಾಗಿದೆ. ಇಲ್ಲಿ ಎಲ್ಲರದೂ ಬೂದು ಪೇಸ್ಟ್. ಕೆಂಪು ಟ್ಯೂಬ್ ನನ್ನದೊಂದೇ — ಹೆಚ್ಚು ಬಿಸಿ ತಡೆಯುತ್ತದೆಂದು ಓದಿ ತರಿಸಿದ್ದು.

ಫೆಬ್ರವರಿಯಲ್ಲಿ ಟರ್ಬೊ ಬದಲಿಸುವಾಗಲೂ ತೂತು ನೋಡದೆ ಇದೇ ಬೋಲ್ಟ್ ಮತ್ತೆ ಹಾಕಿದ್ದೆ. ಹಳೆಯ ಟರ್ಬೊ ಕೊಂದದ್ದೂ ಇದೇ. ಈರೇಶ್ ಅಲ್ಲ.

ಮೇಸ್ತ್ರಿ ಎಳೆಯನ್ನು ಬೆರಳಲ್ಲಿ ಹೊಸೆದು ನೋಡಿದರು. "ಬಿಸಾಕಮ್ಮ. ಪೈಪ್ ಕಟ್ಕೊಂಡಿತ್ತು ಅಂದ್ರಾಯ್ತು. ಯಾಕೆ ಅಂತ ಯಾರು ಕೇಳ್ತಾರೆ?"

ಬಿಸಾಡಲಿಲ್ಲ. ಗೋಡೆಯ ಕರಪತ್ರ ಕಿತ್ತು ಅದರಲ್ಲಿ ಮಡಿಚಿಟ್ಟೆ.

೫ ಮಾರ್ಚ್, ಮಧ್ಯಾಹ್ನ

ಬೆಳಿಗ್ಗೆ ನಲ್ಲಪ್ಪನವರಿಗೆ ಎಳೆ ತೋರಿಸಿ ಎಲ್ಲ ಹೇಳಿದೆ. ಬೈಯಲಿಲ್ಲ. ಅದೇ ಕಷ್ಟವಾಯಿತು.

"ಅಂಗಾರೆ ಆ ಹುಡುಗ ನಿಜಾನೇ ಯೋಳಿದ್ನಾ..."

"ಹೂಂ."

"ವಾಪಸ್ ಬಾ ಅಂತ ನೀನೇ ಕರಿ ಕಣವ್ವ. ನಂಗೆ ಮುಖ ಇಲ್ಲ."

ಈರೇಶ್ ಈಗ ಪೀಣ್ಯ ಎರಡನೇ ಹಂತದ ಒಂದು ಶೆಡ್‌ನಲ್ಲಿ ಲೋಡಿಂಗ್ ಮಾಡುತ್ತಾನೆ. ಎದುರಿನ ಟೀ ಅಂಗಡಿಯಲ್ಲಿ ಕೂತು ಬರೆಯುತ್ತಿದ್ದೇನೆ. ಊಟದ ಸೈರನ್ ಆಯಿತು. ಕರಪತ್ರ ಜೇಬಿನಲ್ಲಿದೆ. ಅದರಲ್ಲಿರುವ ಯಾವ ಮಾತೂ ಉಪಯೋಗಕ್ಕೆ ಬರುತ್ತಿಲ್ಲ.

ಸಂಜೆ

ಸೈರನ್ ಆದಮೇಲೆ ಈರೇಶ್ ಗೇಟ್ ದಾಟಿ ಬಂದ. ನನ್ನನ್ನು ಕಂಡು ನಿಂತ. ಕೈಯ ಧೂಳು ಪ್ಯಾಂಟಿಗೆ ಒರೆಸಿಕೊಂಡ.

"ಅಕ್ಕಾ, ಗಾಡಿ ಸರಿಯಾಯ್ತಾ?"

ಮೊದಲು ಕೇಳಿದ್ದೇ ಗಾಡಿಯ ವಿಷಯ. ನಾನು ಕರಪತ್ರ ಬಿಚ್ಚಿ ಕೆಂಪು ಎಳೆ ಅವನ ಮುಂದೆ ಹಿಡಿದೆ: "ತಪ್ಪು ನಿಂದಲ್ಲ ಈರೇಶ್, ನಂದು."