ಧಾರೆ ಎರೆಯುವವರು ಯಾರು?

ನವೆಂಬರ್ ೧೬, ಭಾನುವಾರ

ನನ್ನ ಮದುವೆಗೆ ಇನ್ನೊಂದೇ ವಾರ. ಇವತ್ತು ಸೀರೆ ಮಡಿಸುತ್ತಾ ಅಮ್ಮ ನನ್ನೆದುರೇ ಚಿಕ್ಕಮ್ಮನಿಗೆ ಹೇಳಿದಳು: "ವನಜಾ, ಧಾರೆ ನೀನೇ ಎರಿ ಕಣೇ. ಇವಳನ್ನ ಹೆತ್ತೋಳು ನೀನು. ನಮ್ಮಪ್ಪನ ಮರ್ಯಾದೆಗೆ ಹೆದರಿ ನಿನ್ನಿಂದ ಕಿತ್ಕೊಂಡೆ. ಇನ್ನು ಸಾಕು."

ಚಿಕ್ಕಮ್ಮ ಮದುವೆಯಾಗದೆ ಈ ವಿಜಯನಗರದ ಮನೆಯಲ್ಲೇ ಉಳಿದದ್ದು ನನಗಾಗಿಯೇ? ಅಮ್ಮನ ಮೇಲೆ ಸಿಟ್ಟು ಬರಬೇಕಿತ್ತು. ಅವಳು ಮಡಿಸಿಟ್ಟ ಸೀರೆಯನ್ನೇ ಬಿಚ್ಚಿ ಮತ್ತೆ ಮಡಿಸುವುದನ್ನು ನೋಡಿ ಅಳು ಬಂತು.

ಚಿಕ್ಕಮ್ಮ ಅಡುಗೆಮನೆಗೆ ಎದ್ದುಹೋದಳು. ಹಿಂದೆಯೇ ಹೋಗಿ ಕೇಳಿದೆ: "ಈಗ ನಾನು ಯಾರನ್ನ ಅಮ್ಮ ಅನ್ಲಿ?"

"ಅಕ್ಕನ್ನೇ ಅನ್ನು ಪುಟ್ಟಿ. ನಿನ್ನ ಕಳ್ಕೋತೀನಿ ಅಂತ ನಿನ್ನೆಯಿಂದ ಊಟ ಬಿಟ್ಟಿದಾಳೆ. ಹೋಗಿ ತಿನ್ನಿಸು."

ಅಮ್ಮನಿಗೆ ತುತ್ತಿಟ್ಟೆ. ಧಾರೆಗೆ ಇಬ್ಬರೂ ನಿಲ್ಲಿ ಎಂದೆ. ಅಕ್ಕತಂಗಿ ತಬ್ಬಿಕೊಂಡು ಅತ್ತರು. ನನ್ನನ್ನು ಹುಟ್ಟಿಸಿದವನು ಯಾರೆಂದು ಕೇಳಲು ಮಾತ್ರ ಬಾಯಿ ಬರಲಿಲ್ಲ. ಕೇಳಬೇಕೇ, ಅಥವಾ ಇಷ್ಟೇ ಸಾಕೇ?