ಮಲ್ಲಿನಾಥನ ಹಿತ್ತಲಲ್ಲಿ ಕುರಿ

ಜತ್ತ, ಮಲ್ಲಿನಾಥನ ಇಂಟರ್‌ನೆಟ್ ಆಫೀಸಿನ ಹಿತ್ತಲು
೧೮ ಜನವರಿ ೨೦೨೫

ಪ್ರೀತಿಯ ಮಗಳು ಪ್ರಾಜಕ್ತಾಳಿಗೆ ನಿನ್ನ ಅಪ್ಪ ಧೂಳಪ್ಪನ ಆಶೀರ್ವಾದಗಳು.

ಹೇಗಿದ್ದೀಯವ್ವಾ? ಡಾಕ್ಟರು ಹೇಳಿದಂತೆ ಹಾಸಿಗೆ ಬಿಟ್ಟು ಏಳದೆ ಇದ್ದೀಯೋ, ಇಲ್ಲಾ ನಿನ್ನ ಅವ್ವನ ಹಾಗೆ ಕಸಬರಿಗೆ ಕಂಡರೆ ಕೈ ತಡೆಯುವುದಿಲ್ಲವೋ? ಹಿಂದೆ ಎರಡು ಸಲ ಬಸಿರು ನಿಲ್ಲದೆ ನೀನು ಅತ್ತದ್ದು ಇನ್ನೂ ನನ್ನ ಕಣ್ಣ ಮುಂದಿದೆ. ಈ ಸಲ ಹಾಗಾಗುವುದಿಲ್ಲ, ಬೀರದೇವರಿಗೆ ಬೇಡಿಕೊಂಡಿದ್ದೇನೆ. ಸೇಲಂನ ಸೆಕೆ ಹೇಗಿದೆ? ಅಳಿಯಂದಿರು ಅಂಗಡಿಯಲ್ಲಿ ಬಂಗಾರ ಕರಗಿಸಿ ಬಂದ ಕೂಡಲೇ ಸ್ನಾನ ಮಾಡಲಿ, ಆ ಹೊಗೆಯ ವಾಸನೆ ನಿನಗೆ ಒಳ್ಳೆಯದಲ್ಲ. ಇಲ್ಲಿ ನಾವೆಲ್ಲ ಕ್ಷೇಮ. ಕುರಿಗಳೂ ಕ್ಷೇಮ. ನನಗೆ ಮಾತ್ರ ಮೈಯೆಲ್ಲ ಸಿಟ್ಟು ತುಂಬಿದೆ. ಆದರೆ ಈ ವಯಸ್ಸಿನಲ್ಲಿ ಸಿಟ್ಟಿದ್ದರೆ ಹಸಿವು ಚೆನ್ನಾಗಿ ಆಗುತ್ತದೆ ಎಂದು ಈಗ ಗೊತ್ತಾಗಿದೆ, ನಿನ್ನೆ ಮೂರು ಜೋಳದ ಭಕ್ರಿ ತಿಂದೆ.

ತಮ್ಮ ಮಹಾಂತನ ಕೂಸಿಗೆ ಹೆಸರಿಡುವ ದಿನದಿಂದ ನೀನು ಫೋನ್ ಎತ್ತುತ್ತಿಲ್ಲ. "ಬೇರೆ ಯಾರ ಕಡೆಯಿಂದಲಾದರೂ ಕೂಸಿಗೆ ಹೆಸರಿಡಿಸಿ" ಎಂದು ಮಹಾಂತನಿಗೆ ಒಂದು ಸಾಲು ಬರೆದು ಕಳಿಸಿ ಸುಮ್ಮನಾಗಿದ್ದೀ. ನಿನ್ನ ತಮ್ಮ ಅದನ್ನು ನನಗೆ ಓದಿ ಹೇಳಿದ. ಯಾರೋ ಏನೋ ನಿನ್ನ ಕಿವಿಗೆ ಹಾಕಿದ್ದಾರೆ ಎಂದು ಆಗಲೇ ತಿಳಿದೆ. ಆದ್ದರಿಂದ ಆ ದಿನ ನಮ್ಮ ಮನೆಯಲ್ಲಿ ಆದದ್ದನ್ನು ನಾನೇ ಬರೆಯುತ್ತೇನೆ, ಪೂರ್ತಿ ಓದು.

ಸೋದರತ್ತೆ ಹೆಸರಿಡಬೇಕು, ಆ ಹೆಸರು ಮಗುವಿನ ಕಿವಿಗೆ ಬೀಳುವ ತನಕ ಅವಳ ಹೊಟ್ಟೆಯಲ್ಲೇ ಇರಬೇಕು, ಹೆತ್ತವರಿಗೂ ತಿಳಿಯಬಾರದು. ಇದು ನಮ್ಮ ಹಿರಿಯರಿಂದ ಬಂದದ್ದು. ನೀನು ಬರುವಂತಿರಲಿಲ್ಲ, ನಮ್ಮ ಮನೆಯೊಳಗೆ ಮೊಬೈಲಿಗೆ ಸಿಗ್ನಲ್ ಹಿಡಿಯುವುದಿಲ್ಲ. ಅದಕ್ಕೆಂದೇ ಮಹಾಂತ ಆ ಇಂಟರ್‌ನೆಟ್ ವಾಯರ್ ಎಳೆಸಿದ. ಕನೆಕ್ಷನ್ ಕೊಟ್ಟ ದಿನ ಈ ಮಲ್ಲಿನಾಥ ಪೇಢೆ ಹಂಚಿ, ನನ್ನ ಕಾಲು ಮುಟ್ಟಿ, "ಕಾಕಾ, ಏನರ ತ್ರಾಸ ಆದ್ರ ಸೀದಾ ಆಫೀಸಿಗೆ ಬರ್ರಿ. ನಿಮ್ಮದ ಮನಿ ಅಂತ ತಿಳ್ಕೋರಿ, ಮನಿಮಂದಿನ್ನೆಲ್ಲಾ ಕರ್ಕೊಂಡ ಬರ್ರಿ" ಎಂದಿದ್ದ. ಆ ಮಾತನ್ನು ನಾನು ಜೋಪಾನವಾಗಿ ಇಟ್ಟುಕೊಂಡಿದ್ದೆ.

ಆ ದಿನ ತೊಟ್ಟಿಲು ಸಿಂಗರಿಸಿತ್ತು. ನಿನ್ನ ಜಾಗದಲ್ಲಿ ಪಕ್ಕದ ಮನೆಯ ಮಲಕವ್ವ ಫೋನ್ ಹಿಡಿದು ಕೂಸಿನ ಕಿವಿಯ ಹತ್ತಿರ ಬಾಗಿದ್ದಳು, ಹೆಸರು ಹೇಳಿದ ಕೂಡಲೇ ಪದ್ಧತಿಯಂತೆ ಅತ್ತೆಯ ಬೆನ್ನಿಗೆ ಗುದ್ದಲು ಹೆಂಗಸರು ಕೈ ಮಡಚಿ ಹಿಂದೆ ನಿಂತಿದ್ದರು. ನಿನ್ನ ಮುಖ ಬಂತು. ಮೂಗುತಿ ಹಾಕಿಕೊಂಡಿದ್ದೆ, ಎಷ್ಟು ಲಕ್ಷಣವಾಗಿ ಕಂಡೆಯೆಂದರೆ ಸೊಸೆ ಸೋನಾಲಿ ಕಣ್ಣೊರೆಸಿಕೊಂಡಳು. ಹೆಸರಿಗೆ ಮೊದಲು ಕೂಸಿನ ಕಿವಿಯಲ್ಲಿ ಅನ್ನುವ ಹಾಗೆ ನೀನು "ಕುರ್ರ್" ಎಂದೆ. ಅಷ್ಟೇ. ತೆರೆದ ಬಾಯಿ ತೆರೆದಂತೆಯೇ ನಿಂತಿತು, ಅದರ ಮೇಲೆ ಒಂದು ಚಕ್ರ ತಿರುಗತೊಡಗಿತು. ಹೆಂಗಸರು ಹೆಸರು ಹೇಳಿ ಆಯಿತೆಂದು ಪಾಪ ಮಲಕವ್ವನ ಬೆನ್ನಿಗೆ ಧಬಧಬ ಗುದ್ದಿದರು. ಅವಳು "ಏ, ಹೆಸರ ಇನ್ನಾ ಬಂದಿಲ್ಲ, ನಿಂದರ್ರೇ!" ಎಂದು ಒದರುವ ಹೊತ್ತಿಗೆ ಇಂಟರ್‌ನೆಟ್ ಡಬ್ಬಿಯ ಮೇಲೆ ಕೆಂಪು ದೀಪ. ಮಹಾಂತ ಮೊಬೈಲು ಹಿಡಿಯುವ ಗುಡ್ಡದ ಬಂಡೆಯ ತನಕ ಓಡಿ ಕಂಪನಿಗೆ ಫೋನ್ ಹಚ್ಚಿದ. ಅಲ್ಲಿ ಹಾಡು ಕೇಳಿಸಿದರು, ಒಂದು ಒತ್ತು ಎರಡು ಒತ್ತು ಎಂದರು, ಅವನು ಇಳಿದು ಬರುವ ಮುಂಚೆ "ನಿಮ್ಮ ತಕರಾರು ಬಗೆಹರಿದಿದೆ" ಎಂದು ಮೆಸೇಜು ಕಳಿಸಿದರು. ಹೆಸರಿಡದೆ ಗುಗ್ಗರಿ ಹಂಚುವಂತಿಲ್ಲ. ಬಂದವರು ಕತ್ತಲಾಗುವ ತನಕ ಕುಳಿತು, ಬರಿಗೈಯಲ್ಲಿ ಎದ್ದು ಹೋದರು. ಕೂಸನ್ನು ಬಂಡೆಯ ಹತ್ತಿರ ಒಯ್ದು ಮಾತಾಡಿಸೋಣ ಎಂದು ಮಹಾಂತ ಅಂದದ್ದಕ್ಕೆ ನಿನ್ನ ಅವ್ವ ಕೆಂಡವಾದಳು. "ಹೆಸರ ಅಂದ್ರ ಕುರಿ ಕೂಗಿ ಕರದಂಗೇನ? ತೊಟ್ಟಿಲದಾಗ ಇಡೂದದು" ಎಂದಳು.

ಹಾಗೆ ಎದ್ದು ಹೋದವರಲ್ಲಿ ಒಬ್ಬಳು ನಮ್ಮ ಹೊಸ್ತಿಲು ದಾಟುತ್ತಾ, "ಮಕ್ಕಳ ನಿಲ್ಲದಾಕಿ ಬಾಯಾಗ ಹೆಸರ ಹ್ಯಾಂಗ ಬರತೈತಿ" ಎಂದಳು. ನಾನು ಕೇಳಿದೆ. ನಿನ್ನ ತನಕ ಬಂದದ್ದೂ ಇದೇ ಮಾತು, ಸುಳ್ಳು ಹೇಳಬೇಡ. ಹುಚ್ಚಿ, ನಿನ್ನ ಬಾಯಿಗೆ ಏನೂ ಆಗಿಲ್ಲ. ಕೆಟ್ಟದ್ದು ವಾಯರ್. ಈ ಒಂದು ಮಾತನ್ನು ಮಲ್ಲಿನಾಥ ನಮ್ಮ ಊರಿಗೆ ಬಂದು ಆ ಹೆಂಗಸರ ಮುಂದೆ ನಿಂತು ಹೇಳಬೇಕು. ನಾನು ಕೇಳಿದ್ದು ಇಷ್ಟೇ. ಮೊದಲು ಲೈನ್‌ಮನ್ ಬಂದ, "ಪ್ರಾಬ್ಲೆಮ್ ಮ್ಯಾಲಿಂದನ ಐತ್ರಿ" ಎಂದ. ನಾನು ಮೇಲೆ ನೋಡಿದೆ, ಒಂದು ಹದ್ದು ಬಿಟ್ಟರೆ ಏನೂ ಇರಲಿಲ್ಲ. ಆಮೇಲೆ ಮಲ್ಲಿನಾಥನಿಗೇ ಹೇಳಿಸಿದೆ. ನಾಳೆ ಎಂದ, ಮತ್ತೆ ನಾಳೆ ಎಂದ, ಕೊನೆಗೆ "ಹೆಂಗಸರ ಮುಂದ ನಾ ಯಾಕ ತಪ್ಪೊಪ್ಪಲಿ" ಎಂದು ನಕ್ಕನಂತೆ.

ನಕ್ಕದ್ದು ತಿಳಿದ ಮರುದಿನ ನಮ್ಮೂರು ದರಿಬಡಚಿಯಿಂದ ಇಡೀ ಹಿಂಡನ್ನು ಹೊಡೆದುಕೊಂಡು ಜತ್ತಕ್ಕೆ ಬಂದೆ. ನಿಮ್ಮದೇ ಮನೆ, ಮನೆಮಂದಿಯನ್ನೆಲ್ಲ ಕರೆದುಕೊಂಡು ಬನ್ನಿ ಎಂದಿದ್ದನಲ್ಲ, ಬಂದೆ. ನಮ್ಮ ಮನೆಮಂದಿಯಲ್ಲಿ ಕುರಿ ಸೇರುವುದಿಲ್ಲ ಎಂದು ಅವನಿಗೆ ಹೇಳಿದವರು ಯಾರು? ಆಫೀಸಿನ ಹಿತ್ತಲಲ್ಲಿ ಬಲೆ ಕಟ್ಟಿ, ರೈತರ ಹೊಲದಲ್ಲಿ ಗೊಬ್ಬರಕ್ಕೆಂದು ತರುಬುವ ಹಾಗೆಯೇ ಕುರಿ ತರುಬಿದ್ದೇನೆ. ಅವನ ಕುಂಡದ ಹೂಗಿಡ ಮೊದಲ ದಿನವೇ ಮುಗಿದವು. ಮೆಟ್ಟಿಲ ತುಂಬ ಹಿಕ್ಕೆ. ಒಳಗೆ ಅವನು ಗಿರಾಕಿಗಳೊಡನೆ ಫೋನಿನಲ್ಲಿ ಮಾತಾಡಿದರೆ ಆ ಕಡೆಯವರಿಗೆ ಬ್ಯಾ ಎನ್ನುವುದೇ ಹೆಚ್ಚು ಕೇಳಿಸುತ್ತದಂತೆ. ದೊಡ್ಡ ಟಗರು ಅವನ ಹೊಸ ಬೋರ್ಡಿಗೆ ಮೈ ತಿಕ್ಕಿ ತಿಕ್ಕಿ ಅದನ್ನು ಓರೆ ಮಾಡಿದೆ, ಸಂಜೆ ಅದಕ್ಕೆ ಬೆಲ್ಲ ತಿನ್ನಿಸಿದೆ. ತಮ್ಮ ಲೈನು ಕೆಟ್ಟಿದೆಯೆಂದು ಜಗಳಕ್ಕೆ ಬಂದವರು ನನ್ನನ್ನು ಕಂಡು, ಜಗಳ ಬಿಟ್ಟು, ಭಕ್ರಿ ಪಲ್ಲೆ ತಂದುಕೊಡುತ್ತಿದ್ದಾರೆ. ಹವಾಲ್ದಾರ ಒಬ್ಬ ಬಂದ. ಅವನ ಮನೆಯದೂ ಇದೇ ವಾಯರಂತೆ. ಚಹಾ ಕುಡಿದು, ಟಗರಿನ ಬೆನ್ನು ಸವರಿ ಹೋದ.

ಮಲ್ಲಿನಾಥ ದಿನಾ ಬೆಳಿಗ್ಗೆ ಮೂಗಿಗೆ ಕರವಸ್ತ್ರ ಹಿಡಿದು, "ಕಾಕಾ, ಕುರಿ ಯಾವಾಗ ಎಬ್ಬಸ್ತೀರಿ?" ಎಂದು ಕೇಳುತ್ತಾನೆ. "ನಿಮ್ಮ ತಕರಾರು ಬರಕೊಂಡೀನ್ರಿ. ಪ್ರಾಬ್ಲೆಮ್ ಮ್ಯಾಲಿಂದನ ಐತ್ರಿ" ಎನ್ನುತ್ತೇನೆ. ನಿನ್ನೆ ಮಹಾಂತನ ಕಡೆಯಿಂದ ಅವನಿಗೆ "ನಿಮ್ಮ ತಕರಾರು ಬಗೆಹರಿದಿದೆ" ಎಂದು ಮೆಸೇಜು ಕಳಿಸಿದೆ. ಓದಿ ಹೊರಗೆ ಬಂದು ನೋಡಿದ, ಕುರಿ ಎಲ್ಲ ಅಲ್ಲೇ ಮೆಲುಕು ಹಾಕುತ್ತಿದ್ದವು. ಅವನ ಮುಖ ನೋಡಿ ನನಗೆ ಎಷ್ಟು ಸುಖವಾಯಿತೆಂದರೆ, ದೇವರು ಕ್ಷಮಿಸಲಿ, ಮಗಳೇ, ನನಗೆ ಒಂದಿಷ್ಟೂ ನಾಚಿಕೆಯಾಗಲಿಲ್ಲ. ಸಂಜೆಗೆ ನಮ್ಮ ಲೈನು ಸರಿ ಮಾಡಿಸಿದ, ಹಸಿರು ದೀಪ ಬಂದಿದೆಯಂತೆ. ಬರಲಿ. ನಾನು ಕೇಳಿದ್ದು ದೀಪವಲ್ಲ. ಅವನು ನಮ್ಮ ಹೊಸ್ತಿಲ ಮೇಲೆ ನಿಂತು, ತಪ್ಪು ನನ್ನದು, ಪ್ರಾಜಕ್ತಾಳದ್ದಲ್ಲ ಎನ್ನುವ ತನಕ ಒಂದು ಮರಿಯನ್ನೂ ಎಬ್ಬಿಸುವುದಿಲ್ಲ.

ಅಳಿಯಂದಿರಿಗೆ ನಮಸ್ಕಾರ ಹೇಳು. ಹಾಲು ಕುಡಿ, ಎಡ ಮಗ್ಗುಲಿಗೆ ಮಲಗು, ಊರವರ ಮಾತನ್ನು ತಲೆಗೆ ಹಾಕಿಕೊಳ್ಳಬೇಡ. ಬೀರದೇವರು ನಿನ್ನ ಒಡಲು ಕಾಯಲಿ.

ಇತಿ ನಿನ್ನ ಅಪ್ಪ,
ಧೂಳಪ್ಪ

ತಾ.ಕ.: ನಿನ್ನ ಕಡೆಯ ರೈಲು ಹಿಡಿಯಲು ಇವರು ಹತ್ತುವ ಮಿರಜದ ಬಸ್ಸು ನಿಂತಿದೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಈ ಪತ್ರ ಅಂಚೆಗೆ ಹಾಕುತ್ತಿಲ್ಲ. ನಿನ್ನ ಕೈಗೆ ಇದನ್ನು ಕೊಟ್ಟವಳು ನಿನ್ನ ಅವ್ವ, ಅವಳ ಹಿಂದೆ ಮಹಾಂತ, ಸೋನಾಲಿಯ ಮಡಿಲಲ್ಲಿ ಕೂಸು. ಹಸಿರು ದೀಪ ಬಂತಲ್ಲ, ವಾಯರಿನಲ್ಲೇ ಹೇಳಿಸೋಣ ಎಂದ ಮಹಾಂತ. ಬೇಡ ಎಂದೆ. ನೀನು ಏಳಬೇಡ. ನಿನ್ನ ಹಾಸಿಗೆಯ ಪಕ್ಕದಲ್ಲೇ ಅವ್ವ ತನ್ನ ಸೀರೆಯಿಂದ ತೊಟ್ಟಿಲಿನ ಹಾಗೆ ಜೋಳಿಗೆ ಕಟ್ಟುತ್ತಾಳೆ, ಮಲಗಿದಲ್ಲಿಂದಲೇ ಕೂಸಿನ ಕಿವಿಯಲ್ಲಿ ಹೇಳು. ಅಳು ಬಂದರೆ ಅಳು, ಆದರೆ ಹೇಳು. ಹೆಸರಿಲ್ಲದೆ ಕೂಸನ್ನು ನಮ್ಮ ಊರಿಗೆ ವಾಪಸ್ ತರಬೇಡಿರಿ ಎಂದು ಎಲ್ಲರಿಗೂ ತಾಕೀತು ಮಾಡಿ ಕಳಿಸಿದ್ದೇನೆ.